ನಿಲ್ಲುವ ಪಾಠ

ನಲವತ್ತೊಂದು ವರ್ಷ
ತಲೆಕೆಳಗಾಗಿಯೇ ಬದುಕಿದವನು ನಾನು.
ಕುತೈಸಿಯ ಬಿಳಿ ಸೇತುವೆಯ ಈಚೆ,
ಔಷಧಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ
ಹಗೇವಿನಂಥ ಮಣ್ಣಿನ ಒಲೆ ನನ್ನದು,
ತೋನೆ ಅದರ ಹೆಸರು.
ಹಿಟ್ಟನ್ನು ದೋಣಿಯ ಹಾಗೆ ಎಳೆದು,
ಉಸಿರು ಬಿಗಿಹಿಡಿದು,
ಸೊಂಟದವರೆಗೆ ಕಾವಿನೊಳಕ್ಕೆ ಬಗ್ಗಿ
ಒಲೆಯ ಗೋಡೆಗೆ ಬಡಿದು ಮೇಲೇಳುವುದು.
ದಿನಕ್ಕೆ ಮುನ್ನೂರು ಸಲ.
ಲೆಕ್ಕ ಹಾಕಿದವಳು ಹೆಂಡತಿ ಲಮಾರಾ;
ನಾನು ಹಾಕಿದ್ದರೆ ಎಂದೋ ಬಿಟ್ಟುಬಿಡುತ್ತಿದ್ದೆ.

ಹೋದ ಚಳಿಗಾಲದ ಒಂದು ನಸುಕು
ಬಗ್ಗಿದವನು ಬಗ್ಗಿಯೇ ಉಳಿದೆ.
ಕೆಲಸದ ಹುಡುಗ ಬೇಕಾ ನಡುಪಟ್ಟಿ ಹಿಡಿದು ಎಳೆದ,
ಬಾವಿಗೆ ಬಿದ್ದ ಕೊಡವನ್ನು ಎಳೆದ ಹಾಗೆ.
ಡಾಕ್ಟರು ಮಾತ್ರೆ ಬರೆದುಕೊಟ್ಟರು,
ಚೀಟಿಯ ಬೆನ್ನಿಗೆ ಒಂದು ವಿಳಾಸವನ್ನೂ:
ಹಳೆಯ ಕುಸ್ತಿ ಶಾಲೆ, ಎರಡನೇ ಮಹಡಿ,
ಮಂಗಳವಾರ ಸಂಜೆ, ಯೋಗ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ
ಎಂದು ನಕ್ಕರು ಚೌಕದಲ್ಲಿ ಪಗಡೆ ಆಡುವ ಗೆಳೆಯರು.
ನನಗೂ ಒಳಗೊಳಗೇ ಅದೇ ಅಳುಕು.
ಚಾಪೆ ಇರಲಿಲ್ಲ,
ಇಸ್ತ್ರಿ ಮಾಡುವ ಕಂಬಳಿಯನ್ನೇ ಸುತ್ತಿ ಬಗಲಲ್ಲಿಟ್ಟುಕೊಂಡು ಹೋದೆ.
ಬೂಟು ಬಿಚ್ಚಿದರೆ ಕಾಲುಚೀಲದಲ್ಲಿ ತೂತು;
ನನಗಿಂತ ಮೊದಲು ಹೆಬ್ಬೆರಳೇ
ಎಲ್ಲರ ಪರಿಚಯ ಮಾಡಿಕೊಂಡಿತು.

ಹನ್ನೊಂದು ಹೆಂಗಸರು, ಒಬ್ಬ ಅಂಚೆಯವನು, ನಾನು.
ಕಲಿಸುವವಳು ನೆಸ್ತಾನ್,
ನನ್ನ ರೊಟ್ಟಿಯ ತುದಿ ಮುರಿದು ದಾರಿಯಲ್ಲೇ ತಿನ್ನುತ್ತ
ಶಾಲೆಗೆ ಹೋಗುತ್ತಿದ್ದ ಪುಟ್ಟಿ.
ಮೊದಲು ನಿಲ್ಲಿ, ಅಂದಳು.
ನಿಂತಿದ್ದೇನಲ್ಲ, ಅಂದೆ.
ಇಲ್ಲ, ಜುಂಬೇರ್ ಮಾವ,
ನೀವಿನ್ನೂ ಒಲೆಯ ಅಂಚಿನಲ್ಲೇ ಇದ್ದೀರಿ.

ಕುಸ್ತಿಯವರ ಮಾಸಿದ ಕನ್ನಡಿಯಲ್ಲಿ ನೋಡಿದೆ.
ಗೋಡೆಗೆ ಒರಗಿಸಿಟ್ಟ ಕುಡುಗೋಲು!
ಮರ ಬಗ್ಗೀತೆ ಎಂಬುದಲ್ಲ ಪ್ರಶ್ನೆ, ಗೆಳೆಯರೇ,
ಬಗ್ಗಿಯೇ ಬೆಳೆದದ್ದು
ನೆಟ್ಟಗೆ ನಿಂತೀತೆ?

ಹಿಮ್ಮಡಿ ಊರಿ, ಅಂದಳು. ಹೆಬ್ಬೆರಳ ಬುಡ ಊರಿ.
ಕಿರುಬೆರಳು ಎತ್ತಿ, ಅಂದಳು.
ಕಿರುಬೆರಳಿಗೆ ಸುದ್ದಿ ಮುಟ್ಟಲು
ಎರಡು ಮಂಗಳವಾರ ಹಿಡಿಯಿತು.

ಉಸಿರು ಬಿಡಿ.
ಬಿಟ್ಟೆ.
ಪೂರ್ತಿ ಬಿಡಿ.
ಆಗ ತಿಳಿಯಿತು, ನಾನು ಹಿಡಿಯುವುದನ್ನಷ್ಟೇ ಬಲ್ಲವನು.
ಆ ಕೆಟ್ಟ ವರ್ಷಗಳಲ್ಲಿ, ಕರೆಂಟಿಲ್ಲದ ರಾತ್ರಿ,
ಮೆಟ್ಟಿಲವರೆಗೆ ಸರತಿಯಲ್ಲಿ ನಿಂತವರಿಗೆ
ಹಿಟ್ಟು ಮುಗಿಯಿತು, ಮನೆಗೆ ಹೋಗಿ, ಎನ್ನುವ ಮುಂಚೆ
ಒಂದು ಉಸಿರು ಹಿಡಿದಿದ್ದೆ.
ಅದಿನ್ನೂ ಒಳಗೇ ಇತ್ತೋ ಏನೋ.
ಬರುವಾಗ ಸದ್ದು ಮಾಡಿಕೊಂಡೇ ಬಂತು.
ಪಕ್ಕದ ಅಂಚೆಯವನು ತಿರುಗಿ ನೋಡಿ
ಸುಮ್ಮನೆ ಕಣ್ಣು ಮುಚ್ಚಿಕೊಂಡ.

ಕೊನೆಯಲ್ಲಿ ಹೆಣದಂತೆ ಮಲಗುವುದು.
ಅದೊಂದು ಮಾತ್ರ ಮೊದಲ ದಿನವೇ ಸಿದ್ಧಿಸಿತು.
ಗೊರಕೆ ಹೊಡೆದೆನಂತೆ.
ದಿಗ್ಗನೆ ಎದ್ದು ಕೂತು
ರೊಟ್ಟಿ ಸೀದುಹೋಯಿತು, ಎಂದು ಕೂಗಿದೆನಂತೆ.

ಈಗ ಪಗಡೆಯವರಲ್ಲೊಬ್ಬ, ಓತಾರ್,
ಮೊಣಕಾಲು ತಿಕ್ಕಿಕೊಳ್ಳುತ್ತ ಗುಟ್ಟಾಗಿ ಕೇಳುತ್ತಾನೆ:
ಹೇಗಪ್ಪಾ ಶುರು ಮಾಡುವುದು?
ಏನು ಹೇಳಲಿ!
ತೂತಿಲ್ಲದ ಕಾಲುಚೀಲ ಹಾಕಿಕೊಂಡು ಹೋಗು.
ಹೋಗಿ, ಅದನ್ನೂ ಬಿಚ್ಚಿಡು.
ಉಂಡು ಎರಡು ತಾಸಾದರೂ ಆಗಿರಲಿ, ವೈನು ಆಮೇಲೆ.
ನೋವಾದರೆ ಬಾಯಿಬಿಟ್ಟು ಹೇಳು,
ಗಂಡಸಿನ ಜಂಬವನ್ನು ಮೆಟ್ಟಿಲ ಕೆಳಗೆ
ಕೊಡೆಗಳ ಪಕ್ಕ ನಿಲ್ಲಿಸಿ ಬಾ.
ಪಕ್ಕದವಳ ಕಾಲು ಎಷ್ಟೆತ್ತರ ಹೋಯಿತೆಂದು ನೋಡಬೇಡ.
ನಾನು ನೋಡಿದೆ, ಬಿದ್ದೆ.

ನಸುಕಿನ ನಾಲ್ಕು.
ಒಲೆಯಲ್ಲಿ ಬಳ್ಳಿಕಡ್ಡಿ ಉರಿದು ಕೆಂಡವಾಗಿದೆ.
ಬಗ್ಗುವ ಮುಂಚೆ ಚಪ್ಪಲಿ ಬಿಟ್ಟು
ಹಿಟ್ಟು ಚೆಲ್ಲಿದ ಕಲ್ಲಿನ ಮೇಲೆ
ಹಿಮ್ಮಡಿ, ಹೆಬ್ಬೆರಳ ಬುಡ,
ಆ ಸೋಮಾರಿ ಕಿರುಬೆರಳು.
ಏನು ಯಜಮಾನರೇ, ಪ್ರಾರ್ಥನೆಯೇ?
ಬೇಕಾ ಕೇಳುತ್ತಾನೆ.

ಅಲ್ಲವೋ. ನಿಂತಿದ್ದೇನೆ.
ಹಿಟ್ಟು ತಾ.